ಕೋರ್ಸ್ ನಡುವೆ ಮದುವೆ, ಆಮೇಲೆ ಸಿಕಂದರಾಬಾದ್

ಮುಹೂರ್ತ ಗೊತ್ತಾದ ಮೇಲೆ ಕೋರ್ಸ್ ಬಂತು. ಮಿಲ್ಟ್ರಿಯವರಿಗೆ ಹೆಣ್ಣು ಕೊಟ್ಟ ಮನೆಗಳಲ್ಲಿ ಇದು ಹೊಸದೇನಲ್ಲ. ನಮ್ಮನೆಯವರು ಮದ್ರಾಸ್ ಇಂಜಿನಿಯರ್ ಗ್ರೂಪ್‌ನವರು. ಬೆಂಗಳೂರಿನ ಹಲಸೂರು ಕೆರೆ ಹತ್ತಿರದ ಎಂ.ಇ.ಜಿ. ಸೆಂಟರ್‌ನಲ್ಲಿ ಟ್ರೇನಿಂಗ್ ಮುಗಿಸಿದವರು, ಈಗ ನಾಯಕ್ ದರ್ಜೆಯವರು. 1780ರಲ್ಲಿ ಹುಟ್ಟಿದ ಪಡೆ ಅದು. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬ್ ತೆಗೆಯುವುದು ಅವರ ಕೆಲಸ. ದಕ್ಷಿಣದ ರಾಜ್ಯಗಳ ಹುಡುಗರೇ ಜಾಸ್ತಿ ಇರುವುದರಿಂದ ಸೇನೆಯಲ್ಲಿ ಅವರನ್ನು ಪ್ರೀತಿಯಿಂದ ‘ತಂಬಿ’ಗಳು ಅನ್ನುತ್ತಾರೆ, ತಮಿಳಿನಲ್ಲಿ ತಮ್ಮ ಅಂತ ಅರ್ಥ. ಅವರ ಯೂನಿಟ್ ಆಗ ಉತ್ತರದ ಒಂದು ಫೀಲ್ಡ್ ಏರಿಯಾದಲ್ಲಿ, ಅಂದರೆ ಕಾರ್ಯಾಚರಣೆಯ ಜಾಗದಲ್ಲಿತ್ತು. ನಿಶ್ಚಿತಾರ್ಥ ಆಗಿ, ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟು, ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಅವರ ಫೋನ್ ಬಂತು. ಪುಣೆಯ ದಾಪೋಡಿಯಲ್ಲಿರುವ ಕಾಲೇಜ್ ಆಫ್ ಮಿಲಿಟರಿ ಇಂಜಿನಿಯರಿಂಗ್‌ನಲ್ಲಿ ಒಂದು ಕೋರ್ಸ್‌ಗೆ ಅವರ ಹೆಸರು ಬಂದಿತ್ತು. ಮದುವೆ ದಿನ ಕೋರ್ಸ್‌ನ ನಟ್ಟನಡುವೆ ಬೀಳುತ್ತಿತ್ತು.

“ಈ ಸಲ ಕೋರ್ಸ್ ಬಿಡಾಕ ಬರೂದಿಲ್ಲೇನು?” ಅಂತ ಅಪ್ಪ ಕೇಳಿದರು. ಕೇಳುವುದು ಸಹಜ. ಆದರೆ ಇಂಥ ಕೋರ್ಸ್‌ಗಳು ಮುಂದಿನ ಬಡ್ತಿಗೆ ಲೆಕ್ಕಕ್ಕೆ ಬರುತ್ತವೆ. ಒಮ್ಮೆ ಬಿಟ್ಟರೆ ಮತ್ತೆ ಸರದಿ ಯಾವಾಗಲೋ. ಬಿಡೋದು ಬೇಡ ಅಂತ ನಾನೇ ಹೇಳಿದೆ. ಕೋರ್ಸ್ ನಡೆಯುವಾಗ ರಜೆ ಸಿಗುವುದು ಕಷ್ಟ. ಮದುವೆಗೆ ಅಂತ ಕೆಲವೇ ದಿನ ಕ್ಯಾಶುಯಲ್ ಲೀವ್ ಕೊಡಲು ಒಪ್ಪಿದರು. ಅಷ್ಟರಲ್ಲೇ ಅಕ್ಕಿಕಾಳು, ಕಾಗದ ಪತ್ರ ಎಲ್ಲ ಮುಗಿಯಬೇಕು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಊರುಗಳಲ್ಲಿ ‘ಹುಡುಗ ಟ್ರೇನಿಂಗ್‌ನಲ್ಲಿದ್ದಾನೆ’ ಅಂತ ಹೇಳಿಯೇ ಮಾತುಕತೆ ನಡೆಸುತ್ತಾರೆ. ಆದರೆ ಎಲ್ಲ ಟ್ರೇನಿಂಗೂ ಒಂದೇ ಅಲ್ಲ. ಆಫೀಸರ್ ಆಗಲು ಎನ್.ಡಿ.ಎ., ಡೆಹ್ರಾಡೂನ್‌ನ ಐ.ಎಂ.ಎ., ಚೆನ್ನೈನ ಓ.ಟಿ.ಎ. ಎಂಬ ಸೇನಾ ಅಕಾಡೆಮಿಗಳನ್ನು ಸೇರುವ ಕೆಡೆಟ್‌ಗಳು ಟ್ರೇನಿಂಗ್ ಮುಗಿಯುವವರೆಗೆ ಮದುವೆ ಆಗುವಂತಿಲ್ಲ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಅಗ್ನಿವೀರರಾಗಿ ಹೋದ ಹುಡುಗರು ನಾಲ್ಕು ವರ್ಷದ ಅವಧಿ ಮುಗಿಯುವ ತನಕ ಮದುವೆ ಆಗುವಂತಿಲ್ಲ. ಆ ನಾಲ್ಕು ವರ್ಷ ಆದ ಮೇಲೆ ಕಾಯಂ ಆಗುವವರು ಹೆಚ್ಚೆಂದರೆ ಶೇ. 25. ಇದನ್ನು ತಿಳಿಯದೆ, ಇಲ್ಲಾ ತಿಳಿದೂ ಮುಚ್ಚಿಟ್ಟು, ‘ಗುಡಿಯಲ್ಲಿ ಸುಮ್ನೆ ತಾಳಿ ಕಟ್ಟಿಬಿಡೋಣ, ಆಮೇಲೆ ನೋಡೋಣ’ ಅನ್ನುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಹುಡುಗನ ನೌಕರಿಗೂ ಕುತ್ತು, ನಿಮ್ಮ ಮದುವೆಗೂ ದಾಖಲೆ ಇಲ್ಲ. ನಮ್ಮದು ಹಾಗಲ್ಲ. ನಮ್ಮನೆಯವರು ಹಳೆಯ ಭರ್ತಿಯವರು, ಸರ್ವಿಸ್ ಆಗಿದ್ದವರು. ನಡುವೆ ಬಂದದ್ದು ಕೆಲವು ತಿಂಗಳ ಕೋರ್ಸ್. ಅದಕ್ಕೆ ಮದುವೆ ಅಡ್ಡಿ ಇರಲಿಲ್ಲ, ಮದುವೆಗೆ ಅದು ಅಡ್ಡಿ ಆಗದ ಹಾಗೆ ನೋಡಿಕೊಳ್ಳಬೇಕಿತ್ತು ಅಷ್ಟೇ.

ನಾನು ಧಾರವಾಡ ಕಡೆಯವಳು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು, ಆರು ದಿನ ಅದರ ಕೆಳಗಿದ್ದು ಜೀವಂತ ಸಿಕ್ಕು, ಆಮೇಲೆ ದೆಹಲಿಯಲ್ಲಿ ಕೊನೆಯುಸಿರೆಳೆದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಮ್ಮ ಜಿಲ್ಲೆಯ ಬೆಟದೂರಿನವರು. ಆಗ ಇಡೀ ಜಿಲ್ಲೆ ಟಿವಿ ಮುಂದೆ ಕೂತು ದೇವರಿಗೆ ಹರಕೆ ಹೊತ್ತಿತ್ತು. ನನ್ನ ಸಂಬಂಧದ ಮಾತು ಬಂದಾಗ ಅವ್ವ ಅದನ್ನೇ ನೆನೆದು ಅತ್ತಳು. ಅವಳ ಭಯ ಸುಳ್ಳಲ್ಲ. ಆ ಭಯವನ್ನು ನಾನೂ ಹೊತ್ತೇ ಈ ಮದುವೆಗೆ ಒಪ್ಪಿದ್ದು. ಅದಕ್ಕೇ ಮುಂದಿನ ಪ್ರತಿ ಕಾಗದವನ್ನೂ ನಾನು ಅಷ್ಟು ಗಟ್ಟಿಯಾಗಿ ಹಿಡಿದೆ.

ಕಾಗದ ಅಂದೆನಲ್ಲ, ಅದನ್ನು ಕಲಿಸಿದ್ದು ನಮ್ಮ ಓಣಿಯ ಒಬ್ಬ ಅಜ್ಜಿ. ಅವರ ಯಜಮಾನರು ಮಾಜಿ ಸೈನಿಕರು, ತೀರಿಕೊಂಡಿದ್ದಾರೆ. ಸೇನೆಯ ದಾಖಲೆಯಲ್ಲಿ ಅಜ್ಜಿಯ ಹೆಸರಿನ ಕೊನೆಗೆ ‘ಅವ್ವ’ ಅಂತ ಇದೆ. ಆಧಾರ್‌ನಲ್ಲಿ ‘ಅಮ್ಮ’. ಹುಟ್ಟಿದ ತಾರೀಖು ಒಂದೊಂದರಲ್ಲಿ ಒಂದೊಂದು. ಕುಟುಂಬ ಪಿಂಚಣಿ ಸರಿಯಾಗಲು ಆ ವಯಸ್ಸಿನಲ್ಲಿ ಅಫಿಡವಿಟ್ ಮಾಡಿಸುತ್ತಾ, ಕಚೇರಿಯಿಂದ ಕಚೇರಿಗೆ ಅಲೆದರು. ನನ್ನ ನಿಶ್ಚಿತಾರ್ಥದ ದಿನ ಉಡಿ ತುಂಬಿ, “ಮೊದಲ ನಿನ್ನ ಹೆಸರ ಬರಸವಾ ಅವನ ಪುಸ್ತಕದಾಗ. ಬಂಗಾರ ಆಮ್ಯಾಲ,” ಅಂದರು. ಮಿಲ್ಟ್ರಿಯವರನ್ನು ಮದುವೆಯಾಗುವ ಯಾವ ಹುಡುಗಿ ಕೇಳಿದರೂ ನಾನು ಹೇಳುವುದು ಇದನ್ನೇ. ಮನೆ, ಸಾಮಾನು, ಊರು ಬದಲಾಯಿಸುವುದು ಎಲ್ಲ ಆಮೇಲೆ. ಮೊದಲು ಹೆಸರು.

ಮದುವೆಗೆ ಮುಂಚೆಯೇ ನನ್ನ ದಾಖಲೆಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್. ಅಂಕಪಟ್ಟಿಯಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇದ್ದವು. ಆಧಾರ್‌ನಲ್ಲಿ ಅಪ್ಪನ ಹೆಸರೇ ಇರಲಿಲ್ಲ. ಆಧಾರ್ ಕೇಂದ್ರಕ್ಕೆ ಹೋಗಿ ಅಂಕಪಟ್ಟಿಯ ಪ್ರಕಾರ ಸರಿ ಮಾಡಿಸಿದೆ. ಆಮೇಲೆ ಪ್ಯಾನ್, ಬ್ಯಾಂಕ್. ಮದುವೆಯಾದ ಮೇಲೆ ಅಡ್ಡಹೆಸರು ಬದಲಾಯಿಸಬೇಕಾ ಅಂತ ಮನೆಯಲ್ಲಿ ಚರ್ಚೆ ಆಯಿತು. ಕಾನೂನಿನಲ್ಲಿ ಹಾಗೆ ಬದಲಾಯಿಸಲೇಬೇಕು ಅಂತ ಎಲ್ಲೂ ಇಲ್ಲ. ಬದಲಾಯಿಸಿದರೆ ಅಫಿಡವಿಟ್, ಪೇಪರ್‌ನಲ್ಲಿ ಜಾಹೀರಾತು, ಮತ್ತೆ ಎಲ್ಲ ದಾಖಲೆ ತಿದ್ದುವುದು. ನಾನು ಹಾಗೇ ಉಳಿಸಿಕೊಂಡೆ. ಅತ್ತೆಗೆ ಮೊದಲು ಸ್ವಲ್ಪ ಬೇಸರ ಆಯಿತು. ಅಜ್ಜಿಯ ಕಥೆ ಹೇಳಿದ ಮೇಲೆ ಅವರೇ ಸರಿ ಅಂದರು.

ಮದುವೆಯ ವಾರ ಯಾವುದು ಅನ್ನುವುದು ಮುಹೂರ್ತದಷ್ಟೇ ಮುಖ್ಯ. ನಮ್ಮಲ್ಲಿ ಭಾನುವಾರ ಮದುವೆ ಇಟ್ಟುಕೊಳ್ಳುವುದು ಜಾಸ್ತಿ, ನೆಂಟರಿಗೆ ಅನುಕೂಲ ಅಂತ. ಆದರೆ ರಜೆ ಕಡಿಮೆ ಇರುವ ಸೈನಿಕನಿಗೆ ಭಾನುವಾರ ಮದುವೆ ಆಗಿ ಸೋಮವಾರ ಹೊರಡುವುದಾದರೆ ಮದುವೆ ನೋಂದಣಿಗೆ ಉಪನೋಂದಣಿ ಕಚೇರಿಗೆ ಹೋಗುವುದು ಯಾವಾಗ? ಎರಡನೇ ಮತ್ತು ನಾಲ್ಕನೇ ಶನಿವಾರವೂ ಸರ್ಕಾರಿ ಕಚೇರಿ ಇರುವುದಿಲ್ಲ. ಅದಕ್ಕೆ ಬುಧವಾರದ ಮುಹೂರ್ತ ಹುಡುಕಿಸಿದೆವು. ಐನೋರು ಪಂಚಾಂಗ ನೋಡಿ ಕೊಟ್ಟರು. ಗುರುವಾರ ಬೆಳಿಗ್ಗೆ ಅರಿಷಿಣದ ಕೈಯಲ್ಲೇ ಇಬ್ಬರೂ ಕಚೇರಿಗೆ ಹೋದೆವು.

ಹಿಂದೂ ವಿವಾಹ ಕಾಯ್ದೆ 1955ರ ಕೆಳಗೆ ನೋಂದಣಿ ಮಾಡಿಸಲು ಕೇಳುವುದು ದೊಡ್ಡ ಸಂಗತಿಗಳೇನಲ್ಲ. ಇಬ್ಬರ ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಲಗ್ನಪತ್ರಿಕೆ, ತಾಳಿ ಕಟ್ಟುವಾಗಿನ ಫೋಟೊ, ಮೂವರು ಸಾಕ್ಷಿಗಳು. ಈಗ ಕರ್ನಾಟಕದಲ್ಲಿ ಅರ್ಜಿಯನ್ನು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಹಾಕಬಹುದು. ನಾವು ಎಲ್ಲ ವಿವರ ಮೊದಲೇ ತುಂಬಿಟ್ಟಿದ್ದೆವು. ಫೋಟೊಗ್ರಾಫರ್‌ಗೆ ಮೊದಲೇ ಹೇಳಿ, ತಾಳಿ ಕಟ್ಟಿದ ಫೋಟೊದ ಪ್ರಿಂಟನ್ನು ಅದೇ ಸಂಜೆ ತರಿಸಿಕೊಂಡಿದ್ದೆವು. ಲಗ್ನಪತ್ರಿಕೆಯಲ್ಲಿ ಹೆಸರನ್ನು ಆಧಾರ್‌ನಲ್ಲಿರುವ ಹಾಗೇ ಅಚ್ಚು ಹಾಕಿಸಿದ್ದೆವು. ಮುದ್ದಿನ ಹೆಸರು, ‘ಚಿ. ಸೌ.’ ಮುಂದೆ ಬೇರೆ ಹೆಸರು, ಇವೆಲ್ಲ ಬೇಡ ಅಂತ ಅಪ್ಪನಿಗೆ ಖಡಾಖಂಡಿತ ಹೇಳಿದ್ದೆ. ಅಲ್ಲೇ ಪಕ್ಕದ ಸ್ಟುಡಿಯೋದಲ್ಲಿ ಇಬ್ಬರದ್ದೂ ಜಂಟಿ ಫೋಟೊ ತೆಗೆಸಿದೆವು, ಪ್ರತಿಗಳನ್ನು ಜಾಸ್ತಿಯೇ ಮಾಡಿಸಿದೆವು. ಮುಂದೆ ಪ್ರತಿ ಫಾರ್ಮ್‌ಗೂ ಅದು ಬೇಕಾಯಿತು.

ಸರ್ಟಿಫಿಕೇಟ್ ಹಿಡಿದು ಅವರು ಪುಣೆಗೆ ಹೋದರು. ಪಿ.ಬಿ. ರಸ್ತೆಯಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಸಾತಾರಾ ದಾಟಿ ಬೆಳಗಾಗುವಷ್ಟರಲ್ಲಿ ಪುಣೆ. ನಾನು ಅತ್ತೆ ಮನೆಯಲ್ಲಿ ಉಳಿದೆ. ನಾನೂ ಪುಣೆಗೆ ಯಾಕೆ ಹೋಗಲಿಲ್ಲ ಅಂತ ಎಷ್ಟೋ ಜನ ಕೇಳಿದರು. ಆರು ತಿಂಗಳ ಒಳಗಿನ ಕೋರ್ಸ್ ಅಂದರೆ ತಾತ್ಕಾಲಿಕ ಡ್ಯೂಟಿ. ಅವರು ಬ್ಯಾರಕ್‌ನಲ್ಲಿರಬೇಕು. ಹೆಂಡತಿಗೆ ಪ್ರಯಾಣದ ಖರ್ಚೂ ಇಲ್ಲ, ಕ್ವಾರ್ಟರ್ಸೂ ಇಲ್ಲ. ಬೆಳಗಿನ ಪಿ.ಟಿ.ಯಿಂದ ರಾತ್ರಿ ಓದುವವರೆಗೆ ಅವರಿಗೆ ಬಿಡುವಿಲ್ಲ. ಪರಊರಲ್ಲಿ ಬಾಡಿಗೆ ಮನೆ ಹಿಡಿದು ನಾನೊಬ್ಬಳೇ ಕೂತರೆ ಇಬ್ಬರಿಗೂ ನೆಮ್ಮದಿ ಇರುತ್ತಿರಲಿಲ್ಲ.

ಇನ್ನು ಪಾರ್ಟ್ ಟೂ ಆರ್ಡರ್. ಸೈನಿಕನ ಬದುಕಿನಲ್ಲಿ ನಡೆಯುವ ಮದುವೆ, ಮಗು, ರಜೆ, ಬಡ್ತಿ ಎಲ್ಲವನ್ನೂ ಯೂನಿಟ್ ಈ ಆರ್ಡರ್‌ನಲ್ಲಿ ಪ್ರಕಟಿಸುತ್ತದೆ. ಅದು ರೆಕಾರ್ಡ್ ಆಫೀಸಿಗೂ ಸಂಬಳದ ಕಚೇರಿಗೂ ಹೋಗುತ್ತದೆ. ಎಂ.ಇ.ಜಿ.ಯವರಿಗೆ ಇವೆರಡೂ ಬೆಂಗಳೂರಿನಲ್ಲಿವೆ. ಈ ಆರ್ಡರ್ ಬಂದ ಮೇಲೆಯೇ ಸೇನೆಯ ಕಣ್ಣಿಗೆ ನಾನು ಹೆಂಡತಿ. ಅದಿಲ್ಲದೆ ಸೈನಿಕನ ಮನೆಯವರ ಗುರುತಿನ ಚೀಟಿಯಾದ ಡಿಪೆಂಡೆಂಟ್ ಕಾರ್ಡ್ ಇಲ್ಲ, ಮಿಲಿಟರಿ ಆಸ್ಪತ್ರೆ ಇಲ್ಲ, ಕ್ವಾರ್ಟರ್ಸ್‌ಗೆ ಅರ್ಜಿ ಇಲ್ಲ. ಅವರಿಗೆ ಏನಾದರೂ ಆದರೆ ಪಿಂಚಣಿಯ ಹಾದಿಯೂ ಕಷ್ಟ.

ಕೋರ್ಸ್ ನಡುವೆ ಮದುವೆಯಾದವರಿಗೆ ತೊಡಕು ಬರುವುದು ಇಲ್ಲೇ. ಅವರು ಇರುವುದು ಪುಣೆಯಲ್ಲಿ. ಆರ್ಡರ್ ಹೊರಡಿಸಬೇಕಾದ್ದು ಅವರ ಸ್ವಂತ ಯೂನಿಟ್. ಅದು ಇರುವುದು ದೂರದ ಬೆಟ್ಟದಲ್ಲಿ. ಸರ್ಟಿಫಿಕೇಟ್, ಜಂಟಿ ಫೋಟೊ, ನನ್ನ ಆಧಾರ್, ಅವರ ಅರ್ಜಿ ಎಲ್ಲ ಅಲ್ಲಿಗೆ ಹೋಗಬೇಕು, ಅಲ್ಲಿಯ ಕ್ಲರ್ಕ್ ನೋಡಬೇಕು, ಆಫೀಸರ್ ಸಹಿ ಆಗಬೇಕು. ನಮ್ಮ ಕಾಗದ ಒಂದು ಮೇಜಿನ ಮೇಲೆ ಬಹಳ ದಿನ ಕೂತಿತು. ಅಲ್ಲಿ ಆಗ ಹಿಮ, ರಸ್ತೆ ಬಂದ್, ಕೆಲಸದ ಒತ್ತಡ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಆ ದಿನಗಳಲ್ಲಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಫೋನ್ ಮಾಡಿದಾಗೆಲ್ಲ ಊಟ ಆಯ್ತಾ ಅಂತ ಕೇಳುವ ಮೊದಲು ಆರ್ಡರ್ ಬಂತಾ ಅಂತ ಕೇಳುತ್ತಿದ್ದೆ. ಯೂನಿಟ್‌ನಲ್ಲಿದ್ದ ಅವರ ಗೆಳೆಯರೊಬ್ಬರು ಹೆಡ್ ಕ್ಲರ್ಕ್ ಹತ್ತಿರ ಹೋಗಿ ವಿಚಾರಿಸಿದ ಮೇಲೆ ಕೆಲಸ ಮುಂದಕ್ಕೆ ಹೋಯಿತು. ಕೋರ್ಸ್‌ಗೆ ಹೊರಡುವ ಮುಂಚೆಯೇ ಮದುವೆ ಗೊತ್ತಾಗಿದ್ದರೆ, ಫಾರ್ಮ್‌ಗಳನ್ನು ಯೂನಿಟ್‌ನಲ್ಲೇ ಕೇಳಿ ತೆಗೆದುಕೊಂಡು ಬರುವುದು ಒಳ್ಳೆಯದು. ಯಾರ ಕೈಗೆ ಕಳಿಸಬೇಕು ಅನ್ನುವುದನ್ನೂ ಆಗಲೇ ಮಾತಾಡಿಕೊಂಡಿರಬೇಕು. ಆರ್ಡರ್ ಬಂದ ದಿನ ಅದರ ನಂಬರ್ ಮತ್ತು ತಾರೀಖನ್ನು ನಾನು ಮೂರು ಕಡೆ ಬರೆದಿಟ್ಟೆ. ನೀವೂ ಬರೆದಿಡಿ.

ನಾಮಿನಿಯ ವಿಷಯ ಮಾತಾಡಲು ಎಲ್ಲರಿಗೂ ಸಂಕೋಚ. ಮದುವೆಗೆ ಮುಂಚೆ ಸೈನಿಕನ ವಿಮೆ, ಫಂಡ್ ಎಲ್ಲದಕ್ಕೂ ನಾಮಿನಿ ತಂದೆ ಅಥವಾ ತಾಯಿ. ಆರ್ಮಿ ಗ್ರೂಪ್ ಇನ್ಶೂರೆನ್ಸ್ ಫಂಡ್‌ಗೆ ಬೇರೆ ನಾಮಿನೇಶನ್, ಪ್ರಾವಿಡೆಂಟ್ ಫಂಡ್‌ಗೆ ಬೇರೆ. ಮದುವೆಯಾದ ಮೇಲೆ ಹೊಸದಾಗಿ ಬರೆದುಕೊಡಬೇಕು. ಎಷ್ಟೋ ಮನೆಗಳಲ್ಲಿ ಇದೇ ಜಗಳದ ಬೇರು. ಸೊಸೆ ದುಡ್ಡಿಗೆ ಕಣ್ಣು ಹಾಕಿದಳು ಅಂತ ಇವರು, ಅತ್ತೆ ಬಿಟ್ಟುಕೊಡುತ್ತಿಲ್ಲ ಅಂತ ಅವರು. ನಮ್ಮನೆಯವರು ಫೋನ್‌ನಲ್ಲಿ ಸ್ಪೀಕರ್ ಹಾಕಿಸಿ, ಅವರ ತಾಯಿ ಮತ್ತು ನನ್ನ ಮುಂದೆಯೇ ಮಾತು ತೆಗೆದರು. ವಿಮೆಯಲ್ಲಿ ಇಬ್ಬರಿಗೂ ಪಾಲು ಬರೆಯುತ್ತೇನೆ ಅಂದರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗ್ಯಾಕೋ ತಮ್ಮಾ, ಆಕಿಗೇ ಬರಿ,” ಅಂದರು. ನಾನು ಒಪ್ಪಲಿಲ್ಲ. ಮಗನನ್ನು ಹದಿನೆಂಟು ದಾಟುತ್ತಲೇ ದೇಶಕ್ಕೆ ಕೊಟ್ಟ ತಾಯಿ ಅವರು. ಪಾಲು ಬರೆಸಿದೆವು. ಆ ಸಂಜೆಯಿಂದ ನಮ್ಮಿಬ್ಬರ ನಡುವೆ ಮುಚ್ಚಿಡುವಂಥದ್ದು ಏನೂ ಉಳಿಯಲಿಲ್ಲ.

ಇನ್ನೊಂದು ಎಚ್ಚರಿಕೆ. ಗಂಡ ಸಮವಸ್ತ್ರದಲ್ಲಿರುವ ಫೋಟೊ, ಯೂನಿಟ್ ಹೆಸರು, ಯಾವ ರೈಲಿಗೆ ಎಲ್ಲಿಗೆ ಹೊರಟರು ಅನ್ನುವುದನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಬಾರದು. 2020ರ ಜುಲೈನಲ್ಲಿ ಸೇನೆ ತನ್ನವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಸೇರಿ 89 ಆಪ್‌ಗಳನ್ನು ತೆಗೆಯಲು ಹೇಳಿತ್ತು. ನಾವು ಮನೆಯವರು ಎಚ್ಚರ ತಪ್ಪಿದರೂ ಮಾಹಿತಿ ಹೊರಗೆ ಹೋಗುತ್ತದೆ ಅಲ್ವಾ? ಮದುವೆ ಫೋಟೊಗಳನ್ನು ಹಾಕಿದ ನನ್ನ ತಂಗಿಯರಿಗೂ ಇದನ್ನೇ ತಿಳಿಸಿ ಹೇಳಿದೆ.

ಕೋರ್ಸ್ ಮುಗಿಯುವ ಹೊತ್ತಿಗೆ ಯೂನಿಟ್ ಫೀಲ್ಡ್‌ನಿಂದ ಪೀಸ್ ಸ್ಟೇಷನ್‌ಗೆ, ಅಂದರೆ ಕಾರ್ಯಾಚರಣೆ ಇಲ್ಲದ ಊರಿಗೆ, ಬರುತ್ತದೆ ಅನ್ನುವ ಸುದ್ದಿ ಇತ್ತು. ಫೀಲ್ಡ್‌ನಲ್ಲಿ ಸಂಸಾರ ಕರೆದುಕೊಂಡು ಹೋಗುವಂತಿಲ್ಲ. ಪೀಸ್ ಸ್ಟೇಷನ್‌ನಲ್ಲಿ ಸಾಮಾನ್ಯವಾಗಿ ಎರಡು ಮೂರು ವರ್ಷ ಒಟ್ಟಿಗೆ ಇರಬಹುದು. ಫೀಲ್ಡ್‌ನಲ್ಲಿರುವವರ ಸಂಸಾರಕ್ಕೆ ಅಂತಲೇ ಕೆಲವು ಊರುಗಳಲ್ಲಿ ಸೆಪರೇಟೆಡ್ ಫ್ಯಾಮಿಲಿ ಕ್ವಾರ್ಟರ್ಸ್ ಇರುತ್ತವೆ. ಯೂನಿಟ್ ಬರುವುದು ತಡವಾದರೆ ಅದಕ್ಕೆ ಅರ್ಜಿ ಹಾಕೋಣ ಅಂತ ಮಾತಾಡಿಕೊಂಡಿದ್ದೆವು. ಅಷ್ಟರಲ್ಲಿ ಸಿಕಂದರಾಬಾದ್ ಅಂತ ಗಟ್ಟಿಯಾಯಿತು. ಊರು ಗಟ್ಟಿಯಾದರೂ ತಾರೀಖು ಗಟ್ಟಿಯಾಗಿರಲಿಲ್ಲ. ಸೇನೆಯಲ್ಲಿ ತಾರೀಖು ನಂಬಿ ಮನೆಗೆ ಅಡ್ವಾನ್ಸ್ ಕೊಡಬಾರದು. ಅವರು ಆ ಊರಿನಲ್ಲಿ ಹಾಜರಿ ಹಾಕಿದ ಮೇಲೆ ಮಾತ್ರ ದುಡ್ಡು ಬಿಚ್ಚಬೇಕು.

ಸಾಮಾನಿನ ವಿಷಯದಲ್ಲಿ ಅಪ್ಪನ ಜೊತೆ ಸ್ವಲ್ಪ ಹಟ ಮಾಡಬೇಕಾಯಿತು. ನಮ್ಮ ಕಡೆ ಮಗಳಿಗೆ ತಿಜೂರಿ, ಮಂಚ, ಬಾಂಡೆ ಸಾಮಾನು ಕೊಟ್ಟೇ ಕಳಿಸಬೇಕು. ಇಲ್ಲಾಂದರೆ ಓಣಿಯಲ್ಲಿ ತಲೆ ಎತ್ತಿ ನಡೆಯಲಾಗದು ಅನ್ನುವ ಮನಸ್ಸು. ಕಬ್ಬಿಣದ ತಿಜೂರಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಊರಿಂದೂರಿಗೆ ಸಾಗಿಸುವುದು ಯಾರು? ಕ್ವಾರ್ಟರ್ಸ್‌ನಲ್ಲಿ ಮಂಚ, ಮೇಜು, ಕುರ್ಚಿಯನ್ನು ಕಟ್ಟಡಗಳನ್ನು ನೋಡಿಕೊಳ್ಳುವ ಎಂ.ಇ.ಎಸ್. (ಮಿಲಿಟರಿ ಇಂಜಿನಿಯರ್ ಸರ್ವಿಸಸ್)ನವರು ಕೊಡುವುದುಂಟು. ಆ ದುಡ್ಡನ್ನು ನನ್ನ ಖಾತೆಗೆ ಹಾಕಿ ಅಂತ ಕೇಳಿದೆ. ಕೊನೆಗೆ ಅಪ್ಪ ಒಪ್ಪಿದರು. ನಾವು ಒಯ್ದದ್ದು ಹೆಸರು ನಂಬರ್ ಬರೆದ ಅವರ ಕರಿ ಟ್ರಂಕ್‌ಗಳು, ಹಾಸಿಗೆ, ಗ್ಯಾಸ್ ಒಲೆ, ಕುಕ್ಕರ್, ಹಂಚು, ಸ್ವಲ್ಪ ಪಾತ್ರೆ. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಡಬ್ಬಿ ತುಂಬಿ ಕೊಟ್ಟಳು. ಜೋಳದ ಹಿಟ್ಟು ಹೊರಬೇಕಾಗಲಿಲ್ಲ. ತೆಲಂಗಾಣದಲ್ಲಿ ಜೋಳ ಎಲ್ಲ ಕಡೆ ಸಿಗುತ್ತದೆ.

ಕಾಯಂ ಬದಲಾವಣೆ ಆದಾಗ ಸಾಗಾಟದ ಖರ್ಚಿನ ಜೊತೆ ಮೂಲ ವೇತನದ ಶೇ. 80ರಷ್ಟು ಟ್ರಾನ್ಸ್‌ಫರ್ ಗ್ರಾಂಟ್ ಸಿಗುತ್ತದೆ. ನನ್ನ ಟಿಕೆಟ್ ಖರ್ಚು ಕೇಳುವಾಗ ನನ್ನ ಹೆಸರು ದಾಖಲೆಯಲ್ಲಿರಲೇಬೇಕು. ಟಿಕೆಟ್, ಲಾರಿ ಬಿಲ್ ಎಲ್ಲ ಒಂದು ಫೈಲ್‌ಗೆ ಸೇರಿಸಿಟ್ಟೆವು.

ಅವರು ಮೊದಲು ಹೋದರು. ಕ್ವಾರ್ಟರ್ಸ್‌ಗೆ ಹೆಸರು ಬರೆಸಿ, ಸರದಿ ದೂರ ಇದೆ ಅಂತ ಗೊತ್ತಾದ ಮೇಲೆ ಹೊರಗೆ ಮನೆ ಮಾಡಲು ಯೂನಿಟ್‌ನಿಂದ ಅನುಮತಿ ಪಡೆದರು. ಹಾಗೆ ಹೊರಗಿದ್ದರೆ ಮನೆ ಬಾಡಿಗೆ ಭತ್ಯೆ ಸಿಗುತ್ತದೆ. ಯಾಪ್ರಾಲ್ ಕಡೆ ಎರಡು ಕೋಣೆಯ ಮನೆ ಸಿಕ್ಕಿತು. ಸುತ್ತ ಎಲ್ಲ ಫೌಜಿ ಕುಟುಂಬಗಳೇ. ಮನೆ ಮಾಲೀಕರು ಎರಡು ತಿಂಗಳ ಅಡ್ವಾನ್ಸ್‌ಗೆ ಒಪ್ಪಿದರು. ಪಕ್ಕದ ಮನೆಯವರು ತಮಿಳರು, ಅವರ ಯಜಮಾನರೂ ತಂಬಿಯೇ. “ಅಕ್ಕಾ” ಅಂತ ಕರೆದು ಮೊದಲ ದಿನ ಇಡ್ಲಿ ಕೊಟ್ಟರು. ಮಿಲಿಟರಿ ಆಸ್ಪತ್ರೆ ತಿರುಮಲಗಿರಿಯಲ್ಲಿದೆ. ಬಂದ ಸ್ವಲ್ಪ ದಿನಕ್ಕೆ ನನಗೆ ಜ್ವರ ಬಂದಾಗ ಡಿಪೆಂಡೆಂಟ್ ಕಾರ್ಡ್ ತೋರಿಸಿ ಒಳಗೆ ಹೋದೆ. ಯಾರೂ ಏನೂ ಕೇಳಲಿಲ್ಲ. ಕಾರ್ಡ್ ಇನ್ನೂ ಕೈಗೆ ಬಾರದ ಒಬ್ಬ ಹುಡುಗಿ ಹೊರಗಿನ ಬೆಂಚಿನ ಮೇಲೆ ಗಂಡನಿಗೆ ಫೋನ್ ಮಾಡುತ್ತಾ ಕೂತಿದ್ದಳು. ಅವಳದೂ ಕೋರ್ಸ್ ನಡುವಿನ ಮದುವೆ. ಅವಳ ಜೊತೆ ಕೂತು ಯಾವ ಕಾಗದ ಎಲ್ಲಿ ನಿಂತಿದೆ ಅಂತ ಒಂದೊಂದಾಗಿ ಬರೆದುಕೊಟ್ಟೆ.

ಮತದಾರರ ಪಟ್ಟಿಯೂ ನೆನಪಿರಲಿ. ಸೈನಿಕನ ಜೊತೆ ವಾಸವಾಗಿರುವ ಹೆಂಡತಿಗೂ ಸೇವಾ ಮತದಾರರಾಗಿ ಊರಿನ ಕ್ಷೇತ್ರದಲ್ಲೇ ಹೆಸರು ಉಳಿಸಿಕೊಳ್ಳುವ ಅವಕಾಶ ಇದೆ. ಯೂನಿಟ್ ಮೂಲಕವೇ ಅರ್ಜಿ.

ನನ್ನ ಕೆಲಸದ ಮಾತು ಉಳಿಯಿತು. ಊರಲ್ಲಿ ಖಾಸಗಿ ಹೈಸ್ಕೂಲ್‌ನಲ್ಲಿ ಗಣಿತ ಕಲಿಸುತ್ತಿದ್ದೆ. ಬಿಡುವಾಗ ಅನುಭವ ಪ್ರಮಾಣಪತ್ರವನ್ನು ಲೆಟರ್‌ಹೆಡ್ ಮೇಲೆ, ಸೇರಿದ ಮತ್ತು ಬಿಟ್ಟ ತಾರೀಖು ಹಾಕಿಸಿಯೇ ತಂದೆ. ಮದುವೆ ಅಂದರೆ ಕೆಲಸ ಬಿಟ್ಟಂತೆ ಅಂತ ನಮ್ಮ ಹುಡುಗಿಯರು ಬೇಗ ಒಪ್ಪಿಕೊಳ್ಳುತ್ತಾರೆ. ಅದು ನನಗೆ ಬಹಳ ನೋವಿನ ಸಂಗತಿ. ಆರ್ಮಿ ಪಬ್ಲಿಕ್ ಸ್ಕೂಲ್‌ಗಳು ದೇಶದ ತುಂಬ ಇವೆ. ಅವುಗಳನ್ನು ನಡೆಸುವ ಸೊಸೈಟಿ ಶಿಕ್ಷಕರಿಗೆ ಆನ್‌ಲೈನ್ ಸ್ಕ್ರೀನಿಂಗ್ ಟೆಸ್ಟ್ ಇಡುತ್ತದೆ. ಬಿ.ಎಡ್. ಬೇಕು, ಶಿಕ್ಷಕರ ಅರ್ಹತಾ ಪರೀಕ್ಷೆ ಟಿ.ಇ.ಟಿ. ಕೇಳುತ್ತಾರೆ. ಸೊಸೈಟಿಯ ಸ್ಕ್ರೀನಿಂಗ್ ಟೆಸ್ಟ್ ಪಾಸಾದರೆ ಗಂಡನಿಗೆ ಯಾವ ಊರಿಗೆ ಬದಲಾವಣೆ ಆದರೂ ಅಲ್ಲಿಯ ಶಾಲೆಗೆ ಅರ್ಜಿ ಹಾಕಬಹುದು. ಕೇಂದ್ರೀಯ ವಿದ್ಯಾಲಯಗಳಲ್ಲೂ ಕಾಂಟ್ರಾಕ್ಟ್ ಮೇಲೆ ಶಿಕ್ಷಕರನ್ನು ತೆಗೆದುಕೊಳ್ಳುತ್ತಾರೆ. ಅತ್ತೆ ಮನೆಯಲ್ಲಿದ್ದ ತಿಂಗಳುಗಳಲ್ಲಿ ನಾನು ಈ ಟೆಸ್ಟ್‌ಗೆ ಓದಿದೆ. ಬೆಳಗಿನ ರೊಟ್ಟಿ ಕೆಲಸ ಅತ್ತೆಯೇ ಮಾಡಿ ನನ್ನನ್ನು ಓದಲು ಕೂರಿಸುತ್ತಿದ್ದರು.

ಸ್ಕೋರ್ ಕಾರ್ಡ್ ಬಂದಿದೆ. ಬೊಲಾರಂನ ಶಾಲೆಗೆ ಅರ್ಜಿ ಹಾಕಿದ್ದೇನೆ. ಕ್ವಾರ್ಟರ್ಸ್‌ನ ಸರದಿಯೂ ಹತ್ತಿರ ಬಂದಿದೆ ಅಂತ ನಮ್ಮನೆಯವರು ಹೇಳುತ್ತಿದ್ದಾರೆ. ಅದು ಸಿಕ್ಕರೆ ಹಬ್ಬಕ್ಕೆ ಅತ್ತೆ ಮಾವನನ್ನು ಇಲ್ಲಿಗೇ ಕರೆಸಿಕೊಳ್ಳುತ್ತೇವೆ.